ಏರಿಯ ಮೇಲೆ ನಿಂತಿದ್ದವನು

ಲಾಂದ್ರ ಹಚ್ಚುವ ಹೊತ್ತು. ಹೆಬ್ಬಾಳದ ಕೆರೆ ಏರಿಯ ಮೇಲೆ ಕಂಬಳಿ ಕೊಪ್ಪೆ ಹೊದ್ದು ನನ್ನ ಮೊಮ್ಮಗ ಮುನಿರಾಜ ನಿಂತಿದ್ದ. ಕೊಲೆ ಆಪಾದನೆಯ ಮೇಲೆ ಅವನು ಜೈಲು ಸೇರಿ ಆಗಲೇ ತಿಂಗಳುಗಳಾಗಿದ್ದವು.

“ಅಯ್ಯೋ ಸಿವನೇ, ನಮ್ ಮುನಿರಾಜ! ಜೈಲಲ್ಲೇನಾದ್ರೂ ಸತ್ತೋದ್ನಾ? ಇಲ್ಲಿ ಬಂದು ನಿಂತವ್ನಲ್ಲಾ!” ಎಂದು ಕೂಗಿಬಿಟ್ಟೆ.

ಆ ಆಕೃತಿ ಅಲುಗಾಡಲಿಲ್ಲ. ಗಾಳಿಗೆ ಕಂಬಳಿಯ ಅಂಚು ಮಾತ್ರ ಮೆಲ್ಲಗೆ ಆಡಿತು. ನನ್ನ ಪಕ್ಕದಲ್ಲಿದ್ದ ಯಶವಂತಪುರದ ವಯಸ್ಸಾದ ವಕೀಲರು ಕೈ ಎತ್ತಿದರು. ಆಗ ಅವನು ಕೊಪ್ಪೆ ಸರಿಸಿದ. ನೋಡಿದರೆ ವಕೀಲರ ಗುಮಾಸ್ತ!

ಅದಕ್ಕೂ ಮೊದಲು ನಾನು ಕಂಡ ವಕೀಲರೆಲ್ಲ ಕುರ್ಚಿಯಲ್ಲೇ ಕೂತು ಧೈರ್ಯ ಹೇಳಿದ್ದರು. ಇವರೊಬ್ಬರೇ, ಕೊಲೆಯಾದ ಸಂಜೆ ಏರಿಯ ಮೇಲೆ ಮುನಿರಾಜನನ್ನು ಕಂಡೆ ಎಂದ ಸಾಕ್ಷಿ ಎಲ್ಲಿ ನಿಂತಿದ್ದೆ ಎಂದಿದ್ದನೋ ಅದೇ ಹುಣಸೆಮರದ ಕೆಳಗೆ, ಅದೇ ಹೊತ್ತಿಗೆ ನನ್ನನ್ನು ಕರೆತಂದಿದ್ದರು.

“ಎತ್ತಿ ಆಡ್ಸಿದ ನೀವೇ ಬೇರೆಯವ್ರನ್ನ ನೋಡಿ ಮೊಮ್ಮಗ ಅಂದ್ರಿ ಅಜ್ಜಿ. ಇನ್ನು ಆ ಸಾಕ್ಷಿ ಮಾತು ಹೆಂಗ್ ನಂಬೋದು?” ಎಂದರು.

“ಈ ಕೇಸು ನೀವೇ ಹಿಡೀಬೇಕು ಸ್ವಾಮಿ,” ಎಂದು ಅಲ್ಲೇ ಕೈಮುಗಿದೆ. ಕೋರ್ಟಿನಲ್ಲಿ ಅವರು ಅದನ್ನೇ ಕೆದಕಿ ಕೆದಕಿ ಕೇಳಿದಾಗ ಸಾಕ್ಷಿ ತಡವರಿಸಿದ. ಮುನಿರಾಜನಿಗೆ ಬಿಡುಗಡೆಯಾಯಿತು.

ಈಗ ಅವನು ಒಳಗೆ ಕೂತು ಮುದ್ದೆ ನುಂಗುತ್ತಿದ್ದಾನೆ, ನನಗೆ ಸಂತೋಷ ತಡೆಯಲಾಗುತ್ತಿಲ್ಲ. ಆದರೂ ದಿನಾ ಸಂಜೆ ಅವನು ಹೊಲದಿಂದ ಬಂದು ಬಾಗಿಲಲ್ಲಿ ನಿಂತಾಗ, “ನಾನೇ ಕಣಜ್ಜಿ” ಎಂದು ನಗುವವರೆಗೆ ನಾನು ಅವನ ಹತ್ತಿರ ಹೋಗುವುದಿಲ್ಲ.