ಆರು ಗಂಟೆಯ ವರದಿ

ಸೈನ್ಯದಿಂದ ನಿವೃತ್ತನಾಗಿ ರಾಯದುರ್ಗಕ್ಕೆ ಬಂದ ವರ್ಷ ನನ್ನನ್ನು ಹುಡುಕಿಕೊಂಡು ಎರಡು ಕೆಲಸಗಳು ಬಂದವು. ಎರಡೂ ಬಾಗಿಲು ಕಾಯುವ ಕೆಲಸ. ಒಂದು ಬ್ಯಾಂಕಿನದು, ಇನ್ನೊಂದು ಜೀನ್ಸ್ ಪ್ಯಾಂಟು ಹೊಲಿಯುವ ಕಾರ್ಖಾನೆಯದು. ನಾಯಬ್ ಸುಬೇದಾರನಾಗಿ ಮೂವತ್ತು ಜನರನ್ನು ನಡೆಸಿದ್ದ ನಾನು ಯಾರದೋ ಗೇಟು ತೆಗೆಯುತ್ತ ಮುಚ್ಚುತ್ತ ನಿಲ್ಲುವುದೇ ಎಂದು ಮೈ ಉರಿಯಿತು. ಎರಡಕ್ಕೂ ಬರುವುದಿಲ್ಲ ಎಂದೆ. ಹಾಗೆ ಹೇಳಿ ಆರು ತಿಂಗಳು ಮನೆಯಲ್ಲಿ ಕುಳಿತು ಹೆಂಡತಿಯ ಅಡುಗೆಮನೆಯನ್ನು ತಪಾಸಣೆ ಮಾಡಿದೆ. ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ಇಡಿಸಿದೆ. ಕೊನೆಗೊಂದು ದಿನ ಅವಳು, ಏನಾದರೂ ಮಾಡಿ, ಆದರೆ ಮನೆಯಿಂದ ಹೊರಗೆ ಮಾಡಿ ಎಂದಳು.

ಕಂಬಳಿಯ ವ್ಯಾಪಾರ ಹೊಳೆದದ್ದು ಆಗ. ಗುಮ್ಮಘಟ್ಟದ ಕಡೆ ನನ್ನ ಭಾವಮೈದುನರು ಕುರಿ ಸಾಕುತ್ತಾರೆ, ಉಣ್ಣೆಗೆ ಕೊರತೆಯಿಲ್ಲ. ನೇಯುವುದಕ್ಕೆ ನನ್ನ ಪ್ಲಟೂನಿನಲ್ಲೇ ಇದ್ದ ಒಬ್ಬ ಗೆಳೆಯ ಇದ್ದ. ಗೆಳೆಯ ಎಂದು ಈಗ ಬರೆಯುತ್ತಿದ್ದೇನೆ, ಆಗ ಹಾಗೆ ಕರೆದವನಲ್ಲ. ಮಡಕಶಿರದ ಆಚೆ, ರೊಳ್ಳದ ಹತ್ತಿರದ ಹಳ್ಳಿಯವನು. ಹನ್ನೊಂದು ವರ್ಷ ನನ್ನ ಕೈಕೆಳಗೆ ದುಡಿದು, ನನಗಿಂತ ಮೂರು ವರ್ಷ ಮೊದಲೇ ಊರು ಸೇರಿ, ಮನೆತನದ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕಂಬಳಿ ನೇಯುತ್ತಿದ್ದ. ಸಂತೆಯಲ್ಲಿ ಕೊಳ್ಳುವವರು ಕಡಿಮೆಯಾಗಿದ್ದರು. ಫೋನಿನಲ್ಲಿ ಮಾರೋಣ ಎಂದು ನಾನು ಹೇಳಿದಾಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಯಿತು ಸಾಬ್ ಎಂದ. ಒಂದು ಪ್ರಶ್ನೆಯನ್ನೂ ಕೇಳದ ಪಾಲುದಾರ ಸಿಕ್ಕಿದ್ದು ನನ್ನ ಪುಣ್ಯ ಎಂದುಕೊಂಡೆ.

ಇಂಟರ್ನೆಟ್ಟಿನಲ್ಲಿ ಪುಟ ತೆರೆದೆವು, ಫೋಟೊ ಹಾಕಿದೆವು. ಶೇರ್ ಆಟೊದಲ್ಲಿ ಉಣ್ಣೆಯ ಮೂಟೆ ಗುಮ್ಮಘಟ್ಟದಿಂದ ರಾಯದುರ್ಗಕ್ಕೆ ಬರುತ್ತಿತ್ತು. ಅಲ್ಲಿಂದ ನಾನು ಬಸ್ಸುಗಳ ಮೇಲೆ ಹೇರಿಸಿ ಮಡಕಶಿರಕ್ಕೆ ಕಳಿಸುತ್ತಿದ್ದೆ. ಕಂಡಕ್ಟರುಗಳು ತೆಲುಗಿನಲ್ಲಿ ಗೊಣಗಿ, ಕನ್ನಡದಲ್ಲಿ ಬೈದು, ಕೊನೆಗೆ ಹಾಕಿಕೊಳ್ಳುತ್ತಿದ್ದರು. ಅವನ ಹೆಂಡತಿ ನೂಲುತ್ತಿದ್ದಳು, ಅವನು ನೇಯುತ್ತಿದ್ದ. ನಮ್ಮ ಕಡೆ ನೂಲುವುದು ಹೆಂಗಸರ ಕೆಲಸ, ನೇಯುವುದು ಗಂಡಸರದು. ಹೆಂಗಸು ಮಗ್ಗದ ಕುಣಿಗೆ ಇಳಿಯುವುದಿಲ್ಲ. ಮದುವೆಯಲ್ಲೂ ದೇವರ ಕಾರ್ಯದಲ್ಲೂ ಗದ್ದಿಗೆಗೆ ಹಾಸುವುದು ಇದೇ ಕಂಬಳಿಯಾದ್ದರಿಂದ ಆ ಕಟ್ಟು ಇನ್ನೂ ಸಡಿಲವಾಗಿಲ್ಲ.

ವ್ಯಾಪಾರದ ಕಷ್ಟ ಎಲ್ಲಿಂದ ಬರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಇಂಟರ್ನೆಟ್ಟು, ಕೊರಿಯರ್ರು, ಜನರ ಮೋಸ, ಇವುಗಳ ಮೇಲೆ ಕಣ್ಣಿಟ್ಟಿದ್ದೆ. ನನ್ನ ತಲೆಯ ಮೇಲೆ ಇಟ್ಟಿರಲಿಲ್ಲ. ಕೊಳ್ಳುವವರು ಬೆಲೆ ಕಡಿಮೆ ಮಾಡಿ ಎಂದರೆ ಅವಮಾನವಾಗುತ್ತಿತ್ತು. ಕಂಬಳಿಯಿಂದ ಕುರಿಯ ವಾಸನೆ ಬರುತ್ತದೆ ಎಂದು ಬೆಂಗಳೂರಿನ ಒಬ್ಬ ಹೆಂಗಸು ಬರೆದಾಗ, ಕುರಿಯ ಉಣ್ಣೆಗೆ ಮಲ್ಲಿಗೆಯ ವಾಸನೆ ಎಲ್ಲಿಂದ ತರಲಿ ಎಂದು ಉತ್ತರ ಕೊಟ್ಟೆ. ಅವಳು ಒಂದೇ ನಕ್ಷತ್ರ ಕೊಟ್ಟು ಹೋದಳು. ನನ್ನ ಹೆಂಡತಿ ಅದನ್ನು ಓದಿ, "ಮಂದಿ ಜೋಡಿ ಹಿಂಗ ಯಾಕ ಮಾತಾಡ್ತೀರಿ? ಅವ್ರೇನು ನಿಮ್ಮ ಸಿಪಾಯಿಗಳೇನ್ರಿ?" ಎಂದು ಕೇಳಿದಳು. ನಾನು ಆ ದಿನ ಅವಳ ಜೊತೆಯೂ ಮಾತು ಬಿಟ್ಟೆ.

ಮಾಜಿ ಸೈನಿಕರಿಗೆಂದೇ ಫೋನಿನಲ್ಲಿ ಒಂದು ಉಚಿತ ತರಬೇತಿ ನಡೆಯುತ್ತಿತ್ತು. ಅದಕ್ಕೂ ಸೇರಿದೆ. ಪಾಠ ಮಾಡುವವಳು ನನ್ನ ಮಗಳ ವಯಸ್ಸಿನವಳು. ವ್ಯಾಪಾರದಲ್ಲಿ ಸಣ್ಣ ಸೋಲುಗಳನ್ನು ಮುಚ್ಚಿಡಬೇಡಿ, ಅಂದಂದೇ ಒಬ್ಬರಿಗೊಬ್ಬರು ಹೇಳಿಕೊಳ್ಳಿ, ಹೇಳಿದವರನ್ನು ಬೈಯಬೇಡಿ ಎಂದು ತೆಲುಗಿನಲ್ಲಿ ತಾಳ್ಮೆಯಿಂದ ಹೇಳಿದಳು. ನನಗೆ ನಗು ಬಂತು. ಸೋಲನ್ನು ಹೀಗೆ ಸಲೀಸಾಗಿ ಹೇಳಿಕೊಂಡು ತಿರುಗುವವರು ಗಡಿಯಲ್ಲಿ ಒಂದು ವಾರ ಬಾಳಲಾರರು ಎಂದುಕೊಂಡು ಫೋನು ಆರಿಸಿದೆ. ಮತ್ತೆ ಆ ತರಗತಿಯನ್ನು ತೆರೆಯಲಿಲ್ಲ.

ನನಗೆ ಗೊತ್ತಿದ್ದ ಆಡಳಿತ ಒಂದೇ. ಬೆಳಿಗ್ಗೆ ಆರು ಗಂಟೆಗೆ ಫೋನಿಗೆ ವರದಿ ಬರಬೇಕು. ಹಿಂದಿನ ದಿನ ಎಷ್ಟು ಮೊಳ ನೇಯ್ದ, ಎಷ್ಟು ನೂಲು ಉಳಿದಿದೆ, ತೊಂದರೆ ಏನಾದರೂ ಇದೆಯೇ. ಅವನು ಒಂದು ದಿನವೂ ತಪ್ಪಿಸಲಿಲ್ಲ. ಕೊನೆಯ ಸಾಲು ಯಾವಾಗಲೂ ಒಂದೇ ಇರುತ್ತಿತ್ತು, ತೊಂದರೆ ಏನೂ ಇಲ್ಲ. ನಾನು ಓದಿ, ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಚಹಾ ಕುಡಿಯಲು ಏಳುತ್ತಿದ್ದೆ. ಹೆಬ್ಬೆರಳು ಒತ್ತಿದ ಮೇಲೆ ದಿನ ಶಿಸ್ತಾಗಿ ಶುರುವಾಯಿತು ಎಂಬ ನೆಮ್ಮದಿ. ಸೋಮವಾರ ಹತ್ತು ಗಂಟೆಗೆ ವಿಡಿಯೊದಲ್ಲಿ ಹಾಜರಿಯೂ ಇತ್ತು, ಮಗ್ಗದ ಮುಂದೆ ಅವನ ಮುಖ ಕಾಣಬೇಕು.

ಎಂಟನೆಯ ತಿಂಗಳಿಗೆ ದೂರುಗಳು ಬರತೊಡಗಿದವು. ಕಂಬಳಿಯ ಅಂಚು ಬಿಡುತ್ತಿದೆ, ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಮೂವರು ವಾಪಸು ಕಳಿಸಿದರು. ನಾನು ಹೇಳದೆ ಕೇಳದೆ ರೊಳ್ಳಕ್ಕೆ ಹೊರಟೆ. ತಪಾಸಣೆಗೆ ಹೇಳಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ.

ಮಡಕಶಿರದಲ್ಲಿ ಬಸ್ಸು ಇಳಿದು, ಆಟೊ ಹಿಡಿದು, ಹಿಪ್ಪುನೇರಳೆ ತೋಟಗಳನ್ನು ದಾಟಿ ಅವರ ಮನೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಮನೆಯ ಬಾಗಿಲು ಹಾಕಿತ್ತು, ಒಳಗೆ ಮಗ್ಗದ ಸದ್ದು. ನಾನು ಕೂಗಿದ ಕೂಡಲೇ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅವನು ಬಾಗಿಲು ತೆಗೆದ. ಬಲ ಹೆಗಲಿನಿಂದ ಟವೆಲು ಇಳಿಬಿಟ್ಟುಕೊಂಡಿದ್ದ. ಕೂರಿಸಿದ, ಒಳಗಿನಿಂದ ಚಹಾ ತಂದು ಎಡಗೈಯಲ್ಲಿ ಚಾಚಿದ. ನಮ್ಮಲ್ಲಿ ಶತ್ರುವಿಗೂ ಎಡಗೈಯಲ್ಲಿ ನೀರು ಕೊಡುವುದಿಲ್ಲ.

"ಎಡಗೈಲೆ ಕೊಡೋದು ಯಾವಾಗ ಕಲ್ತಿಯಲೇ?" ಎಂದೆ.

ಅವನು ಲೋಟವನ್ನು ನೆಲದ ಮೇಲಿಟ್ಟು ಹಿಂದೆ ಸರಿದು ನಿಂತ. ಅವನ ಹೆಂಡತಿ ಬಂದು ಅದನ್ನೆತ್ತಿ ಬಲಗೈಯಲ್ಲಿ ನನಗೆ ಕೊಟ್ಟಳು. ಅವಳ ತೋಳುಗಳ ಮೇಲೆ ಹುಣಸೆಬೀಜದ ಗಂಜಿ ಒಣಗಿ ಅಂಟಿತ್ತು. ನೇಯುವವರು ಮಗ್ಗದ ಹಾಸುನೂಲಿಗೆ ಬಳಿಯುವ ಗಂಜಿ ಅದು. ಕಣ್ಣಿಗೆ ಬಿದ್ದದ್ದನ್ನೆಲ್ಲ ಪಟ್ಟಿ ಮಾಡುವುದೇ ನನ್ನ ಕಸುಬಾಗಿತ್ತು, ಆದರೂ ಅದನ್ನು ಪಟ್ಟಿಗೆ ಸೇರಿಸಲಿಲ್ಲ. ಮನುಷ್ಯರನ್ನು ನೋಡಲು ನಾನು ಹೋಗಿರಲಿಲ್ಲ, ಕಂಬಳಿ ನೋಡಲು ಹೋಗಿದ್ದೆ.

ಆರು ಕಂಬಳಿ ಸಿದ್ಧವಾಗಿದ್ದವು. ಒಂದೊಂದರ ಅಂಚನ್ನೂ ಎಳೆದು ನೋಡಿದೆ. ಎಳೆದಲ್ಲಿ ಎಳೆ ಬಂತು. ಆರನ್ನೂ ಅಂಗಳಕ್ಕೆ ಎಸೆದು, ನಾಯಿ ಮಲಗುವುದಕ್ಕೂ ಇವು ಲಾಯಕ್ಕಿಲ್ಲ, ಇಷ್ಟು ವರ್ಷ ನನ್ನ ಕೈಕೆಳಗೆ ಏನು ಕಲಿತೆ ಎಂದು ಬೀದಿಗೆ ಕೇಳುವಂತೆ ಬೈದೆ. ಅವನು ಕಣ್ಣು ನೇರವಾಗಿಟ್ಟು ನಿಂತಿದ್ದ.

"ತಪ್ಪಾಯ್ತು ಸಾಬ್. ಮುಂದುಕ್ಕೆ ಹಿಂಗಾಗಲ್ಲ," ಎಂದ.

ಅವನ ಹೆಂಡತಿ ಅಂಗಳಕ್ಕಿಳಿದು ಕಂಬಳಿಗಳನ್ನು ಒಂದೊಂದಾಗಿ ಎತ್ತಿ, ಮಣ್ಣು ಕೊಡವಿ, ಮಡಿಸಿ ಒಳಗೆ ಒಯ್ದಳು. ನನ್ನತ್ತ ನೋಡಲಿಲ್ಲ. ಬಸ್ಸಿನಲ್ಲಿ ಬರುವಾಗ, ಬಿಸಿ ಮುಟ್ಟಿಸಿದೆ, ಇನ್ನು ಸರಿಹೋಗುತ್ತಾನೆ ಎಂದು ತೃಪ್ತಿಪಟ್ಟುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಅದಾದ ಒಂದೂವರೆ ತಿಂಗಳಿಗೆ ಅವನ ಹೆಂಡತಿ ನನ್ನ ಹೆಂಡತಿಗೆ ಫೋನು ಮಾಡಿದಳು. ನನಗಲ್ಲ. ಅವನಿಗೆ ಲಕ್ವ ಹೊಡೆದು ಹಿಂದೂಪುರದ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದಳು. ನನ್ನ ಹೆಂಡತಿ ಫೋನಿಟ್ಟು, ಇದು ಎರಡನೇ ಸಲವಂತೆ ಎಂದಳು.

ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗಿನ ಸಿಮೆಂಟು ಕಟ್ಟೆಯ ಮೇಲೆ ಅವಳು ಕುಳಿತಿದ್ದಳು. ಏನಮ್ಮಾ ಇದು, ಮೊದಲ ಸಲ ಆದಾಗಲೇ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಲ್ಲಿಯೂ ನನ್ನ ದನಿ ವಿಚಾರಣೆಯ ದನಿಯೇ ಆಗಿತ್ತು. ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ.

"ನಾಕು ತಿಂಗ್ಳಿಂದ ಮಗ್ಗದಾಗೆ ಕುಂತಿದ್ದೋಳು ನಾನು ಕಣಣ್ಣಾ," ಎಂದಳು. "ಅವ್ರ ಬಲಗೈ ಆಗ್ಲೇ ಹೋಗಿತ್ತು. ನಿಮಗೆ ಹೇಳ್ಬ್ಯಾಡ ಅಂತ ಆಣೆ ಹಾಕಿಸ್ಕೊಂಡಿದ್ರು."

ಹೆಂಗಸು ಕುಣಿಗೆ ಇಳಿದದ್ದು ಊರಿಗೆ ಗೊತ್ತಾಗಬಾರದೆಂದು ಬಾಗಿಲು ಹಾಕಿಕೊಂಡು ನೇಯ್ದಳಂತೆ. ಗಂಡ ಪಕ್ಕದಲ್ಲಿ ಕುಳಿತು ಲಾಳಿ ಹೀಗೆ ಎಸೆ, ಅಂಚನ್ನು ಹೀಗೆ ಹಿಡಿ ಎಂದು ಹೇಳಿಕೊಡುತ್ತಿದ್ದನಂತೆ. ಆರು ಗಂಟೆಯ ವರದಿಯನ್ನೂ ಅವಳೇ ಕಳಿಸುತ್ತಿದ್ದಳು. ಅವಳಿಗೆ ಓದು ಬರಹ ಅಷ್ಟಕ್ಕಷ್ಟೆ. ಹಿಂದಿನ ದಿನದ ಸಂದೇಶವನ್ನೇ ಒತ್ತಿ ಮತ್ತೆ ನನಗೆ ಕಳಿಸುವುದನ್ನು ಗಂಡ ಎಡಗೈಯಲ್ಲಿ ತೋರಿಸಿಕೊಟ್ಟಿದ್ದ. ನಾನು ಅಲ್ಲೇ ಫೋನು ತೆಗೆದು ಹಿಂದಕ್ಕೆ ಎಳೆದು ನೋಡಿದೆ. ದಿನದಿಂದ ದಿನಕ್ಕೆ ಅದೇ ಮೊಳ, ಅದೇ ನೂಲು, ಅದೇ ತೊಂದರೆ ಏನೂ ಇಲ್ಲ. ಪ್ರತಿಯೊಂದರ ಕೆಳಗೂ ನನ್ನ ಹೆಬ್ಬೆರಳು ಇತ್ತು.

ಅವನು ಯಾಕೆ ಮುಚ್ಚಿಟ್ಟ ಎಂದು ಅವಳಿಗೆ ಅರ್ಥವಾಗಿರಲಿಲ್ಲ. ನನಗೆ ಅರ್ಥವಾಯಿತು. ಸೈನ್ಯದಲ್ಲಿ ದೇಹದ ಕುಂದು ಕಾಗದದ ಮೇಲೆ ಬಂದರೆ ಮನುಷ್ಯನ ದರ್ಜೆ ಇಳಿಯುತ್ತದೆ. ಬಡ್ತಿ ಹೋಗುತ್ತದೆ, ಸಂಗಡಿಗರಿಂದ ಬೇರೆಯಾಗಬೇಕಾಗುತ್ತದೆ. ಅದಕ್ಕೇ ಮಂಡಿ ಊದಿದವನೂ ಓಡುತ್ತಾನೆ, ಜ್ವರ ಬಂದವನೂ ಕಾವಲು ನಿಲ್ಲುತ್ತಾನೆ. ಒಂದು ಚಳಿಗಾಲ ಬೆಟ್ಟದ ಮೇಲಿನ ಗಡಿ ಪೋಸ್ಟಿನಲ್ಲಿ ಸಿಪಾಯಿಯೊಬ್ಬ ಎದೆ ಹಿಡಿದುಕೊಂಡು ಬಂದಾಗ, ಇದು ನೆಪ ಎಂದು ಎಲ್ಲರೆದುರು ನಾನು ಅಣಕಿಸಿದ್ದೆ. ಆ ಸಿಪಾಯಿ ಬದುಕಿದ, ನನ್ನ ಪುಣ್ಯ. ಆ ದಿನ ಸಾಲಿನಲ್ಲಿ ನಿಂತು ನನ್ನ ಮಾತು ಕೇಳಿದವರಲ್ಲಿ ಇವನೂ ಒಬ್ಬ. ಕೈ ಹೋಯಿತು ಎಂದರೆ ವ್ಯಾಪಾರದಿಂದಲೂ ತೆಗೆದುಹಾಕುತ್ತಾರೆ ಎಂದು ಅವನು ತಿಳಿದದ್ದರಲ್ಲಿ ಏನು ತಪ್ಪು? ಹಾಗೆ ತಿಳಿಯುವಂತೆ ಅವನನ್ನು ತಯಾರು ಮಾಡಿದವನು ನಾನೇ.

ಮೊದಲ ಸಲ ಡಾಕ್ಟರು ಏನು ಹೇಳಿದ್ದರು ಎಂದು ಕೇಳಿದೆ. ಮೂರು ತಿಂಗಳು ಬಿಡದೆ ಬಂದು ಕೈಗೆ ಕಸರತ್ತು ಮಾಡಿಸಿದರೆ ಬೆರಳು ಆಡಬಹುದು, ಜೊತೆಗೆ ರಕ್ತದೊತ್ತಡವನ್ನೂ ನೋಡುತ್ತಿರಬೇಕು ಎಂದಿದ್ದರಂತೆ. ಕಸರತ್ತು ಮಾಡಿಸುವವರು ಆ ಆಸ್ಪತ್ರೆಗೆ ಬರುವುದು ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ. ಎರಡು ಸಲ ಹೋಗಿ ಬಿಟ್ಟರು ಎಂದಳು. ಯಾಕೆ ಬಿಟ್ಟ ಎಂದೆ.

ಅವಳು ಮೊದಲ ಬಾರಿಗೆ ನನ್ನ ಮುಖ ನೋಡಿದಳು. "ಸ್ವಾಮಾರ ಹತ್ ಗಂಟೆಗೆ ನೀವು ವಿಡಿಯೊದಾಗೆ ಹಾಜ್ರಿ ತಗಂತಿದ್ರಲ್ಲಣ್ಣಾ. ಅವೆರಡು ವಾರ ಬಸ್ಸಿನಾಗೆ ಐದೀನಿ ಅಂದಿದ್ಕೆ ಬೈದ್ರಿ."

ನಿಜ. ಹತ್ತು ಗಂಟೆಗೆ ಮಗ್ಗದ ಮುಂದೆ ಇರದೆ ಬಸ್ಸಿನಲ್ಲಿ ತಿರುಗಾಡುತ್ತೀಯಾ ಎಂದು ಬೈದಿದ್ದೆ. ಆ ಹಾಜರಿಯನ್ನು ಸೋಮವಾರಕ್ಕೇ, ಹತ್ತು ಗಂಟೆಗೇ ಇಟ್ಟವನು ನಾನು. ಮಂಗಳವಾರ ಮಾಡಿದ್ದರೆ ಯಾರಿಗೂ ಏನೂ ನಷ್ಟವಾಗುತ್ತಿರಲಿಲ್ಲ. ಮಾಡದೇ ಇದ್ದಿದ್ದರೂ ಆಗುತ್ತಿರಲಿಲ್ಲ. ಒಬ್ಬನೇ ಒಬ್ಬ ಮನುಷ್ಯನ ಹಾಜರಿ ತೆಗೆದುಕೊಳ್ಳಲು ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದೆ. ಅಲ್ಲಿ ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕುಳಿತು ಅತ್ತೆ. ಅವಳು ಎದ್ದು ಔಷಧಿ ತರಲು ಹೋದಳು.

ವ್ಯಾಪಾರ ಮುಚ್ಚುತ್ತೇನೆ ಎಂದು ನಾನೇ ಹೇಳಿದೆ. ಬೇಡ ಎಂದವಳು ಅವಳು. ತಾನು ನೇಯುತ್ತೇನೆ, ಆದರೆ ವಾರಕ್ಕೆ ಇಷ್ಟು ಎಂದು ತಾನು ಹೇಳುತ್ತೇನೆ, ನೀವು ಹೇಳಬಾರದು ಎಂದಳು. ಇದನ್ನು ಹೆಂಗಸೊಬ್ಬಳು ನೇಯ್ದದ್ದು ಎಂದು ಪುಟದಲ್ಲಿ ಬರೆಯಿರಿ ಎಂದೂ ಹೇಳಿದಳು. ಬರೆದೆ. ಗದ್ದಿಗೆಗೆಂದು ಕೊಳ್ಳುತ್ತಿದ್ದವರು ದೂರವಾದರು. ಬೇರೆಯವರು ಅಲ್ಲೊಬ್ಬರು ಇಲ್ಲೊಬ್ಬರು ಬರುತ್ತಾರೆ. ಅಂಚು ಈಗ ಗಟ್ಟಿಯಾಗಿದೆ. ಆರು ಗಂಟೆಗೆ ನನ್ನ ಫೋನಿಗೆ ಯಾವ ವರದಿಯೂ ಬರುವುದಿಲ್ಲ, ಎಚ್ಚರ ಮಾತ್ರ ಆಗುತ್ತದೆ.

ಅವನ ಬಲಗೈಗೆ ಶಕ್ತಿ ಮರಳಲಿಲ್ಲ. ಬಲಗಾಲು ಎಳೆಯುತ್ತದೆ, ಮಾತು ತೊದಲುತ್ತದೆ. ತಡವಾಯಿತು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆದರೂ ನಾನು ಭಾನುವಾರ ರೊಳ್ಳಕ್ಕೆ ಹೋಗಿ ಅವರ ಮನೆಯಲ್ಲಿ ಉಳಿದು, ಸೋಮವಾರ ಅವನನ್ನು ಹಿಂದೂಪುರಕ್ಕೆ ಕರೆದೊಯ್ಯುತ್ತೇನೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸುತ್ತೇನೆ. ಸಾಬ್ ಎನ್ನಬೇಡ, ಅಣ್ಣ ಎನ್ನು ಎಂದು ಎಷ್ಟೋ ಸಲ ಹೇಳಿದ್ದೇನೆ. ಅವನು ತಲೆಯಾಡಿಸುತ್ತಾನೆ.

ಕಸರತ್ತು ಮಾಡಿಸುವವರು ಅವನ ಹೆಗಲನ್ನು ಎತ್ತಿ, ತಿರುಗಿಸಿ, ಇಲ್ಲಿ ನೋವಿದೆಯೇ ಎಂದು ಕೇಳುತ್ತಾರೆ. ಅವನು ಉತ್ತರ ಕೊಡುವ ಮೊದಲು ನನ್ನ ಮುಖ ನೋಡುತ್ತಾನೆ. ನೋಡಿ, ಇಲ್ಲ ಎನ್ನುತ್ತಾನೆ. ಮೊದಮೊದಲು, ಇದ್ದರೆ ಇದೆ ಎನ್ನು ಎಂದು ನಾನು ಹೇಳಿಕೊಡುತ್ತಿದ್ದೆ. ಅದೂ ಆಜ್ಞೆಯಂತೆಯೇ ಕೇಳಿತೋ ಏನೋ, ಕೂಡಲೇ ಇದೆ ಎಂದುಬಿಡುತ್ತಿದ್ದ. ಕೊನೆಗೆ ಅವರು ನನ್ನನ್ನು ಸ್ವಲ್ಪ ಹೊರಗಿರಿ ಎಂದರು. ಈಗ ಪ್ರತಿ ಸೋಮವಾರ ಅವನನ್ನು ಒಳಗೆ ಬಿಟ್ಟು, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇನೆ. ಆಮೇಲೆ ಅವನು ನರಳುವುದು ಕೇಳಿಸುತ್ತದೆ.