ಒಂದೇ ತುತ್ತಿನ ದೋಸೆಗಳು

ಲಂಡನ್ನಿನ ವೆಂಬ್ಲಿಯಲ್ಲಿರುವ ನಮ್ಮ ಹೋಟೆಲಿಗೆ ಜಪಾನಿನ ಟಿವಿಯವರು ಬಂದ ದಿನ ನನಗೆ ತಲೆ ಕೆಟ್ಟುಹೋಗಿತ್ತು. ಬಡಿಸುವ ಕೆಲಸ ನನ್ನದು. ಅವರ ತಿಂಡಿ ಕಾರ್ಯಕ್ರಮದ ನಿರೂಪಕಿ ಮಸಾಲೆ ದೋಸೆಯ ಒಂದು ತುತ್ತು ಬಾಯಿಗಿಟ್ಟು, ಕಣ್ಣರಳಿಸಿ, ಕೆನ್ನೆ ಹಿಡಿದುಕೊಂಡು ಏನೋ ಹೊಗಳಿದಳು. ನಿರ್ದೇಶಕನಿಗೆ ಸಾಲಲಿಲ್ಲ. ಇನ್ನೊಂದು ಬಿಸಿ ದೋಸೆ ತರಬೇಕಂತೆ. ಹೀಗೆ ಆರು ಸಲ.

ಒಂದೊಂದೇ ತುತ್ತು ಮುರಿದ ಆರು ತಟ್ಟೆ ಒಳಗೆ ವಾಪಸ್ ಬಂದದ್ದನ್ನು ಕಂಡು, ನಮ್ಮ ಅಡುಗೆಯ ಶೀನಣ್ಣ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದರು. ಕುಂದಾಪುರದವರು. "ಎಂತ ಕಮ್ಮಿ ಆಯ್ತ್ ಮಾರಾಯ?"

ನಾನು ಅವರ ದುಭಾಷಿಯನ್ನು ಕೇಳಿದೆ. "ರುಚಿ ತುಂಬಾ ಚೆನ್ನಾಗಿದೆ," ಎಂದಳು ಆಕೆ. "ಆದರೆ ನಮ್ಮ ಟಿವಿಯಲ್ಲಿ ಬಾಯಿಗಿಟ್ಟ ಕೂಡಲೇ ಖುಷಿ ಮುಖದಲ್ಲಿ ಕಾಣಬೇಕು. ಸುಮ್ಮನೆ ತಿಂದರೆ ಮಾಡಿದವರಿಗೆ ಅವಮಾನ."

ಅವಮಾನ ಆಗಬಾರದೆಂಬ ಈ ಉಪಚಾರವೇ ಅವಮಾನವಾಗಿ ಕಂಡು ಶೀನಣ್ಣ ಏಪ್ರನ್ ಬಿಚ್ಚಿ ಹೊರಟು ನಿಂತಿದ್ದರು. ವಿಷಯ ಹೇಳಿದೆ. "ರುಚಿ ಇದ್ರೆ ಪೂರ್ತಿ ತಿಂಬುಕೆ ಎಂತ ಆಯ್ತ್?" ಅಂದರು. ಇಬ್ಬರ ನಡುವೆ ಸಿಕ್ಕಿಕೊಂಡ ನಾನು ಹೇಗೋ ಕಾಡಿ ಬೇಡಿ ಏಳನೆಯ ದೋಸೆ ಹುಯ್ಯಿಸಿದೆ.

ಆ ತುತ್ತಿಗೆ ನಿರ್ದೇಶಕ ಬಯಸಿದ ಮುಖ ಬಂತು. ಎಲ್ಲರೂ ಸಾಮಾನು ಕಟ್ಟತೊಡಗಿದರು. ನಿರೂಪಕಿ ಮಾತ್ರ ಅದೇ ತಟ್ಟೆಯ ಮುಂದೆ ಕೂತು, ತಲೆಯೆತ್ತದೆ, ತುಟಿ ಪಿಟಕ್ಕೆನ್ನದೆ ಇಡೀ ದೋಸೆ ತಿಂದು ಮುಗಿಸಿ, ಖಾಲಿ ಸಾಂಬಾರ್ ಬಟ್ಟಲನ್ನು ನನ್ನ ಕಡೆ ಸರಿಸಿದಳು.

ಬಾಗಿಲಲ್ಲೇ ನಿಂತಿದ್ದ ಶೀನಣ್ಣ ಏಪ್ರನ್ ಮತ್ತೆ ಕಟ್ಟಿಕೊಂಡರು. "ಈಗ ಹೊಗಳಿದ್ಳ್ ಕಾಣ್," ಅಂದರು.

ಕ್ಯಾಮೆರಾ ಅಷ್ಟರಲ್ಲಿ ವ್ಯಾನು ಸೇರಿತ್ತು.