ಕಾಣದ ಹಾಗೆ ಹಾಕಿದ ವೈರು

ಉಸ್ತಾದರ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿತ್ತು. ತೆಳ್ಳನೆಯ ವೈರನ್ನು ಅದರಲ್ಲಿ ಸಿಕ್ಕಿಸಿ ತಲೆಯನ್ನು ಒಮ್ಮೆ ಎಡಕ್ಕೆ ಜಗ್ಗಿದರೆ ಮುಗಿಯಿತು, ಸಿಪ್ಪೆ ಬಾಯಲ್ಲಿ, ಹೊಳೆಯುವ ತಾಮ್ರ ಕೈಯಲ್ಲಿ. ಬ್ಯಾಟರಿಯ ದಪ್ಪ ವೈರಿಗೆ ಕೋರೆಹಲ್ಲು. ಸಿಪ್ಪೆ ಉಗುಳುತ್ತಲೇ ಮಾತಾಡುತ್ತಿದ್ದರಾದ್ದರಿಂದ ಅವರ ಎದುರು ನಿಂತವನ ಅಂಗಿಯ ಮೇಲೆ ಕೆಂಪು, ಹಸಿರು, ಹಳದಿ ಚೂರುಗಳು ಬಂದು ಬೀಳುತ್ತಿದ್ದವು. ಹಲ್ಲಿನ ಡಾಕ್ಟರೊಬ್ಬರು ಆ ಸಂದು ಮುಚ್ಚಿಕೊಡುತ್ತೇನೆ ಎಂದಾಗ, "ನನ್ನ ಹತಾರ ಮುಚ್ಚಿದ್ರ ನಾ ಕೆಲಸ ಹ್ಯಾಂಗ ಮಾಡ್ಲಿರಿ?" ಎಂದು ಕುರ್ಚಿಯಿಂದ ಎದ್ದು ಬಂದಿದ್ದರಂತೆ.

ಜಹೀರಾಬಾದಿನಲ್ಲಿ ಹೆದ್ದಾರಿಯ ಬದಿಗೆ ಅವರದೊಂದು ತಗಡಿನ ಶೆಡ್ಡು. ಲಾರಿ, ಜೀಪು, ಕಾರುಗಳ ವೈರಿಂಗ್ ಕೆಲಸ. ಕೊರಳಲ್ಲಿ ಸದಾ ಒಂದು ಸಣ್ಣ ಬಲ್ಬು, ಅದಕ್ಕೆ ಎರಡು ವೈರು. ಕರೆಂಟು ಎಲ್ಲಿದೆ ಎಲ್ಲಿಲ್ಲ ಎಂದು ಅದನ್ನು ಮುಟ್ಟಿಸಿ ನೋಡುತ್ತಿದ್ದರು. ಊರಿಗೆಲ್ಲ ಅವರು ಉಸ್ತಾದ್. ಬೇರೆ ಹೆಸರು ಇದ್ದೇ ಇರಬೇಕು, ನಾನು ಕೇಳಲಿಲ್ಲ. ನಾಗಲಗಿದ್ದ ಎಂಬ ಊರಿನ ಕಡೆಯ ಕುರಿ ಕಾಯುವ ಮನೆತನ. ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ನೂರೆಂಟು ವೈರಿನ ಕಟ್ಟು ಎಳೆದರೂ ಗೊಂದಲವಿಲ್ಲ. "ಎಲ್ಲಾ ಕರೀ ಕುರೀನೇ ಇರ್ಲಿ, ಕಾಯಾವಗ ಒಂದೊಂದರ ಮಾರಿ ಗುರ್ತ ಇರ್ತದ" ಎನ್ನುತ್ತಿದ್ದರು. ಗಿರಾಕಿಯೊಂದಿಗೆ ತೆಲುಗು, ಬೈಯಲು ದಖನಿ, ನನ್ನೊಂದಿಗೂ ವೈರಿನೊಂದಿಗೂ ಕನ್ನಡ. "ಬಾ ನಮ್ಮವ್ವ, ಎಲ್ಲಿ ಹೋಗಿದ್ದಿ, ಬಾ" ಎಂದು ಕಾರಿನೊಳಗಿಂದ ದನಿ ಬಂದರೆ ತಪ್ಪಿಸಿಕೊಂಡಿದ್ದ ತುದಿ ಸಿಕ್ಕಿತು ಎಂದೇ ಅರ್ಥ.

ಕೆಲಸದಲ್ಲಿ ಅವರದೊಂದು ಹಟವಿತ್ತು. ಗಾಡಿಗೆ ಹೊಸದಾಗಿ ಏನೇ ಜೋಡಿಸಲಿ, ಫ್ಯಾನಾಗಲಿ ದೇವರ ದೀಪವಾಗಲಿ, ಕರೆಂಟು ಚಾವಿಯ ಮೂಲಕವೇ ಬರಬೇಕು. "ಚಾವಿ ತೆಗದ ಮ್ಯಾಲ ಗಾಡ್ಯಾಗ ಒಂದು ಸೊಳ್ಳಿನೂ ಎಚ್ಚರ ಇರಬಾರದ್ರಿ." ತೆಲಂಗಾಣದ ಹೋರಾಟ ಜೋರಾಗಿದ್ದ ವರ್ಷಗಳು ಅವು. ಮುಖಂಡರೊಬ್ಬರ ಜೀಪಿಗೆ ಮೈಕು ಕೂಡಿಸುವ ಕೆಲಸ ಉಸ್ತಾದರಿಗೆ ಬಂತು. ಅದನ್ನೂ ಚಾವಿಗೇ ಕೂಡಿಸಿದರು. ಮುಖಂಡರು ಜೀಪಿನ ಮೇಲೆ ನಿಂತು, "ನಮ್ಮ ದನಿಯನ್ನು ಯಾರಿಂದಲೂ ಅಡಗಿಸಲು..." ಎನ್ನುವಷ್ಟರಲ್ಲಿ, ಡೀಸೆಲ್ ಉಳಿಯಲಿ ಎಂದು ಡ್ರೈವರ್ ಚಾವಿ ತಿರುಗಿಸಿದ. ದನಿ ಅಡಗಿತು. ಭಾಷಣ ಮುಗಿಯಿತೆಂದು ತಿಳಿದು ಜನ ಚಪ್ಪಾಳೆ ತಟ್ಟಿ ಚಹಾದ ಅಂಗಡಿಯ ಕಡೆ ನಡೆದರು. ಮುಖಂಡರು ಸಿಟ್ಟಾದರೂ, ಕೇಳಲು ಬಂದಿದ್ದವರು ಯಾರೂ ಉಸ್ತಾದರನ್ನು ದೂರಲಿಲ್ಲ.

ಇನ್ನು ನನ್ನ ವಿಷಯ. ನಾನು ಬಿತ್ತನೆ ಬೀಜದ ಕಂಪನಿಯೊಂದರ ಪ್ರತಿನಿಧಿ, ಮನೆ ಜಹೀರಾಬಾದಿನಲ್ಲೇ. ಒಂದು ದಿನ ತಾಂಡೂರು, ಮರುದಿನ ನಾರಾಯಣಖೇಡ, ನಡುವೆ ಧಾರೂರು, ದೌಲತಾಬಾದ್. ಕಾರು ಜೋರಾಗಿ ಓಡಿಸುವುದೇ ನನಗಿದ್ದ ಒಂದೇ ಪ್ರತಿಭೆ ಎಂದು ಆಗ ತಿಳಿದಿದ್ದೆ. ನಾರಾಯಣಖೇಡದ ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದ ನನ್ನ ಹೆಂಡತಿ ಹಾಗೆ ತಿಳಿದಿರಲಿಲ್ಲ. ವೇಗ ಅಳೆಯುವ ಯಂತ್ರ ಹಿಡಿದ ಪೊಲೀಸರು ನನ್ನನ್ನು ಎರಡನೆಯ ಸಲ ನಿಲ್ಲಿಸಿದ ದಿನ, ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಅವಳಿಗೆ ದಂಡದ ಚೀಟಿ ಸಿಕ್ಕಿತು. ಚೀಟಿಯ ಮೇಲೆ ವೇಗ ಬರೆದಿತ್ತು.

"ನೋಡ್ರಿ, ನಿಮ್ಮನ್ನ ನಮ್ಮ ವಾರ್ಡಿನಾಗ ಮಲಗಿಸಿ ನಾ ಸಲಾಯಿನ್ ಹಚ್ಚಂಗಿಲ್ಲ" ಎಂದಳು. "ಇವತ್ತಿನಿಂದ ನಿಮ್ಮ ಕಾರಿನ್ಯಾಗ ನಾನೂ ಕೂಡಂಗಿಲ್ಲ, ಮಕ್ಕಳನ್ನೂ ಕೂಡ್ಸಂಗಿಲ್ಲ."

ಕೂಡಲಿಲ್ಲ. ಮನೆಯ ಮುಂದೆ ಕಾರಿದ್ದೂ ದಿನಾ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಂದಳು. ಮದುವೆಗಳಿಗೆ ನಾನು ಕಾರಿನಲ್ಲಿ, ಅವಳು ಮಕ್ಕಳೊಂದಿಗೆ ಬಸ್ಸಿನಲ್ಲಿ. ಮಂದಿ ನಮ್ಮಿಬ್ಬರ ನಡುವೆ ಏನೋ ಆಗಿದೆ ಎಂದುಕೊಂಡರು. ಆಗಿದ್ದು ನಿಜವೇ. ಅವಳಿಗೆ ನನ್ನ ಮೇಲಿದ್ದ ನಂಬಿಕೆ ಹೋಗಿತ್ತು, ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು.

ಆ ಹೊತ್ತಿಗೆ ಕೊಲ್ಲಿ ದೇಶದಲ್ಲಿದ್ದ ನನ್ನ ಷಡ್ಡಕ ರಜೆಗೆ ಬಂದ. ಸೋಪಿನ ಪೆಟ್ಟಿಗೆಯಷ್ಟು ದೊಡ್ಡದೊಂದು ಕರಿಯ ಯಂತ್ರ ತಂದಿದ್ದ. ಮುಂದೆಲ್ಲೋ ಪೊಲೀಸರು ವೇಗ ಅಳೆಯುತ್ತಿದ್ದರೆ ಇದಕ್ಕೆ ಮೊದಲೇ ತಿಳಿದು ಕೂಗುತ್ತದಂತೆ. ಚೀಟಿ ಬರದಿದ್ದರೆ ಹೆಂಡತಿ ತಾನಾಗಿ ಕಾರು ಹತ್ತುತ್ತಾಳೆ ಎಂದು ನಾನು ಲೆಕ್ಕ ಹಾಕಿದೆ. ಆದರೆ ಅದರ ಬಾಲದಂಥ ವೈರು ಸಿಗರೇಟು ಹೊತ್ತಿಸುವ ತೂತಿನಿಂದ ಜೋತಾಡುತ್ತಿತ್ತು. ಪೊಲೀಸರ ಕಣ್ಣಿಗೂ ಬೀಳಬಾರದು, ಹೆಂಡತಿಯ ಕಣ್ಣಿಗಂತೂ ಬೀಳಲೇಬಾರದು. ಉಸ್ತಾದರ ಶೆಡ್ಡಿಗೆ ಒಯ್ದೆ.

ಉಸ್ತಾದರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದು ಏನ್ ಮಾಡ್ತದ್ರಿ ಸಾಹೇಬ್ರ?"

"ಪೊಲೀಸ್ರು ಮುಂದ ಇದ್ರ ಒದರ್ತದ."

"ಒದರಿದ್ರ?"

"ನಾ ಸಾವಕಾಶ ಆಗ್ತೀನಿ."

"ಪೊಲೀಸ್ರನ್ನ ದಾಟಿದ ಮ್ಯಾಲ?"

"ಮತ್ತ ಜೋರು."

ಉಸ್ತಾದರು ಒಂದು ಹಸಿರು ಚೂರು ಉಗುಳಿದರು. "ಅಂದ್ರ ಪೊಲೀಸ್ರಿಗೆ ಅಂಜ್ತೀರಿ, ಸಾಯಾಕ ಅಂಜಂಗಿಲ್ಲ. ಆತು, ಗಾಡಿ ಬಿಟ್ಟು ಹೋಗ್ರಿ. ವೈರು ಕಾಣಬಾರದು, ಒದರಬೇಕು, ಒದರಿದ್ರ ನೀವು ಸಾವಕಾಶ ಆಗಬೇಕು. ಇಷ್ಟೇ ಅಲ್ರಿ?"

ಇಷ್ಟೇ ಎಂದೆ.

ನಡುವೆ ಬಂದ್ ಬಂದು ಮೂರು ದಿನ ಹಿಡಿಯಿತು. ಹೋಗಿ ನೋಡಿದರೆ ಕೆಲಸವೆಂದರೆ ಕೆಲಸ. ಕನ್ನಡಿಯ ಹಿಂದೆ ಯಂತ್ರ ಕುಳಿತಿತ್ತು. ಅಲ್ಲಿಂದ ವೈರು ಛಾವಣಿಯ ಬಟ್ಟೆಯೊಳಗೆ ಹೊಕ್ಕು, ಬಾಗಿಲ ಪಕ್ಕದ ಕಂಬದೊಳಗೆ ಇಳಿದು, ಫ್ಯೂಸಿನ ಪೆಟ್ಟಿಗೆ ಸೇರಿತ್ತು. ಗೀರು ಬೀಳಬಾರದೆಂದು ಕಂಬದ ಪ್ಲಾಸ್ಟಿಕ್ಕನ್ನು ಬಿದಿರಿನ ಚಕ್ಕೆಯಿಂದ ಬಿಡಿಸಿದ್ದರು. ಬೆಸುಗೆ ಹಾಕದೆ ಬರೀ ಟೇಪು ಸುತ್ತುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಚಾವಿ ತಿರುಗಿಸಿದೆ, ಹಸಿರು ದೀಪ ಹೊತ್ತಿತು. ಚಾವಿ ತೆಗೆದೆ, ಆರಿತು.

ಮರುದಿನವೇ ತಾಂಡೂರಿನ ದಾರಿಯಲ್ಲಿ ಅದು ಕೂಗಿತು. ತಕ್ಷಣ ಬ್ರೇಕು ಒತ್ತಿದೆ. ಸುತ್ತ ನೋಡಿದರೆ ಒಂದು ಹುಣಸೆ ಮರ, ಎರಡು ಎಮ್ಮೆ. ಪೊಲೀಸರು ಮರದ ಹಿಂದಿದ್ದಾರೆ ಎಂದುಕೊಂಡೆ. ಮುಂದೆ ಮತ್ತೆ ಕೂಗಿತು. ದೌಲತಾಬಾದಿನ ಹತ್ತಿರ ತೊಗರಿ ಹೊಲದ ನಡುವೆ ಕೂಗಿತು. ಬೇರೆ ಕಾಲವಾಗಿದ್ದರೆ ಅನುಮಾನ ಬರುತ್ತಿತ್ತೋ ಏನೋ. ಆದರೆ ಆ ದಿನಗಳಲ್ಲಿ ಊರೂರಿಗೆ ಪೊಲೀಸರು ಬಂದು ಇಳಿದಿದ್ದರು. ಶಾಲೆಯಲ್ಲಿ ಅವರೇ, ಚೌಕದಲ್ಲಿ ಅವರೇ. ಹೊಲದಲ್ಲೂ ಇದ್ದರೆ ಆಶ್ಚರ್ಯವೇನು? ಒಂದು ಸಲವಂತೂ, ನೋಡಿದ್ದೇನೆಂದು ಅವರಿಗೂ ತಿಳಿಯಲಿ ಎಂದು, ಆಳೆತ್ತರದ ತೊಗರಿ ಗಿಡಗಳಿಗೆ ಕೈ ಎತ್ತಿ ನಮಸ್ಕಾರ ಮಾಡಿ ಮುಂದೆ ಹೋದೆ. ತೊಗರಿ ಹೊಲಗಳಲ್ಲಿ ಗುಪ್ತ ಪೊಲೀಸರಿದ್ದಾರೆ ಎಂದು ಬೀಜದ ಅಂಗಡಿಗಳಲ್ಲಿ ಕುಳಿತು ದನಿ ತಗ್ಗಿಸಿ ಹೇಳುತ್ತಿದ್ದೆ. ನಾಲ್ಕಾರು ಮಂದಿ ನಂಬಿಯೂ ನಂಬಿದರು.

ಅಷ್ಟರಲ್ಲಿ ದೊಡ್ಡ ಮುಷ್ಕರ ಶುರುವಾಗಿ ಬಸ್ಸುಗಳು ನಿಂತವು. ಆಸ್ಪತ್ರೆ ನಿಲ್ಲುವಂತಿರಲಿಲ್ಲ. ಹೆಂಡತಿ ಬೇರೆ ದಾರಿಯಿಲ್ಲದೆ ಕಾರು ಹತ್ತಿದಳು. ಮೊದಲ ದಿನ ಬಾಗಿಲಿನ ಹಿಡಿಕೆಯನ್ನು ನಾರಾಯಣಖೇಡದವರೆಗೂ ಬಿಡಲಿಲ್ಲ. ಯಂತ್ರ ಕೂಗಿದಾಗ ಗಾಡಿಯದೇ ಏನೋ ಸದ್ದು ಎಂದು ಅವಳಿಗೆ ಹೇಳಿ ನಿಧಾನ ಮಾಡುತ್ತಿದ್ದೆ. ನಾಲ್ಕನೆಯ ದಿನ ಬಿಟ್ಟಳು. ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಹಿಂತಿರುಗಿ ಬರುವಾಗ ತಲೆಯನ್ನು ಸೀಟಿಗೆ ಆನಿಸಿ ನಿದ್ದೆ ಹೋದಳು. ನಾನು ಓಡಿಸುವ ಗಾಡಿಯಲ್ಲಿ ಅವಳು ನಿದ್ದೆ ಮಾಡಿದ್ದು ಅದೇ ಮೊದಲು. ಆ ಸಂತೋಷ ಯಾರೊಂದಿಗೆ ಹೇಳಿಕೊಳ್ಳಲಿ? ಹಾರ್ನ್ ಕೂಡ ಹಾಕದೆ ಮನೆ ಸೇರಿಸಿದೆ.

ಗುಟ್ಟು ಒಡೆದದ್ದು ನಾರಾಯಣಖೇಡದ ರಸ್ತೆಯಲ್ಲಿ. ಹೋರಾಟದವರು ರಸ್ತೆಯ ನಡುವೆಯೇ ಒಲೆ ಹೂಡಿ ಅನ್ನ, ಸಾರು ಮಾಡುತ್ತಿದ್ದರು. ರಸ್ತೆ ಬಂದ್ ಮಾಡುವ ಆ ಕಾಲದ ಕ್ರಮವದು. ತಡೆಯಲು ಬಂದ ಪೊಲೀಸರು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ನಮಗೂ ಎಲೆ ಹಾಕಿದರು. ನನ್ನ ಪಕ್ಕದ ಪೇದೆಯ ತೊಡೆಯ ಮೇಲೆ ನನ್ನನ್ನು ಹಿಡಿದಿದ್ದಂಥದೇ ಯಂತ್ರವಿತ್ತು. ಹೇಗೆ ಕೆಲಸ ಮಾಡುತ್ತದೆ ಎಂದೆ. ಆತ ಎಡಗೈಯಲ್ಲಿ ಎತ್ತಿ, ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿಗೂ ಅದರ ಮುಂದಿದ್ದ ನನ್ನ ಕಾರಿಗೂ ಹಿಡಿದು ತೋರಿಸಿದ. ಚಾವಿ ಹಾಕಿಯೇ ಇತ್ತು, ಹಸಿರು ದೀಪ ಉರಿಯುತ್ತಿತ್ತು. ಎರಡೇ ಮಾರು ದೂರ. ನನ್ನ ಯಂತ್ರ ಕಮಕ್ ಕಿಮಕ್ ಅನ್ನಲಿಲ್ಲ.

ಊಟ ಮುಗಿಸಿ ಹೊರಟೆ. ಮುಂದಿನ ರಸ್ತೆ ಬಂದ್‌ನಿಂದಾಗಿ ಖಾಲಿ. ಮುಳ್ಳು ಎಪ್ಪತ್ತು ದಾಟಿತು, ಕೂಗಿತು. ಇಳಿಸಿದೆ, ಸುಮ್ಮನಾಯಿತು. ಏರಿಸಿದೆ, ಕೂಗಿತು. ಹೀಗೆ ಐದು ಸಲ.

"ಗಾಡಿಗೆ ಮೂರ್ಛೆರೋಗ ಬಂದದೇನ್ರಿ?" ಎಂದಳು ಹೆಂಡತಿ.

ಅವಳನ್ನು ಮನೆಯಲ್ಲಿಳಿಸಿ ನೇರ ಶೆಡ್ಡಿಗೆ ಹೋದೆ. ಉಸ್ತಾದರು ಜೋಳದ ರೊಟ್ಟಿ ತಿನ್ನುತ್ತಿದ್ದರು. ನಾನು ಬೈಯುವಷ್ಟೂ ಬೈದೆ. ಅವರು ತುತ್ತು ನುಂಗಿ, ನೀರು ಕುಡಿದು, ನಿಧಾನವಾಗಿ ಹೇಳಿದರು.

"ನಿಮ್ಮ ಷಡ್ಡಕರ ಮಿಷನ್ ಆ ದೇಶದ ಪೊಲೀಸ್ರನ್ನ ಗುರ್ತ ಹಿಡೀತದ್ರಿ, ನಮ್ಮವರನ್ನ ಅಲ್ಲ. ಎರಡು ಸಲ ಅವರ ಮುಂದ ಒಯ್ದು ನಿಲ್ಲಿಸಿ ನೋಡೀನಿ. ಸುಮ್ಮನ ಕುಂತಿತ್ತು. ಒದರೂದು ಬ್ಯಾರೆ ಅದ."

ಗುಜರಿಗೆ ಬಂದ ಶಾಲೆಯ ವ್ಯಾನಿನಲ್ಲಿ, ವೇಗ ಮಿತಿ ಮೀರಿದರೆ ಕೂಗುವ ಪುಟ್ಟ ಪೆಟ್ಟಿಗೆಯೊಂದಿತ್ತಂತೆ. ಅದನ್ನು ನನ್ನ ಡ್ಯಾಶ್‌ಬೋರ್ಡಿನೊಳಗೆ ಕಟ್ಟಿ, ವೇಗದ ಮುಳ್ಳಿಗೆ ಹೋಗುವ ವೈರಿಗೆ ಬೆಸೆದಿದ್ದರು. ಪೊಲೀಸರು ಇರಲಿ ಬಿಡಲಿ, ಎಪ್ಪತ್ತು ದಾಟಿದರೆ ಕೂಗು.

"ಇದು ಮೋಸ ಉಸ್ತಾದ್!"

"ಮೋಸ ಹ್ಯಾಂಗ್ರಿ? ವೈರು ಕಾಣ್ತದೇನು? ಇಲ್ಲ. ಒದರ್ತದಿಲ್ಲೋ? ಒದರ್ತದ. ನೀವು ಸಾವಕಾಶ ಆಗೀರಿಲ್ಲೋ? ಆಗೀರಿ." ಶೆಡ್ಡಿನ ಮೂಲೆಯಲ್ಲಿ ಮೂತಿ ಚಪ್ಪಟೆಯಾದ ಕಾರೊಂದು ನಿಂತಿತ್ತು. ಅದರ ಕಡೆ ಗದ್ದ ತೋರಿಸಿದರು. "ನೀವು ಗಾಡಿ ಬಡಿಯೂದಕ್ಕಿಂತ ಒಂದಿನ ಮೊದ್ಲು ನೋಡ್ತೀರಿ ಸಾಹೇಬ್ರ. ನನ್ನ ಹಂತ್ಯಾಕ ಬಡಿದು ಒಂದಿನ ಆದ ಮ್ಯಾಲ ಬರ್ತದ. ಆ ವೈರೆಲ್ಲಾ ಬಿಡಿಸಾಗ ಸೀಟಿನ ಕೆಳಗ ಏನೇನ್ ಸಿಗ್ತಾವ ನಿಮಗ ಗೊತ್ತಿಲ್ಲ. ಸಣ್ಣ ಹುಡುಗ್ರ ಚಪ್ಪಲಿ ಸಿಗ್ತಾವ."

ನಾನು ಆ ಕಾರಿನ ಕಡೆ ಒಮ್ಮೆ ನೋಡಿದೆ. ಆದರೂ ಬಿಗುಮಾನ ಬಿಡದೆ, ಈಗಲೇ ತೆಗೆಯಿರಿ ಎಂದೆ. ಅವರು ಕೈ ಒರೆಸಿಕೊಂಡು ಸ್ಕ್ರೂಡ್ರೈವರ್ ಎತ್ತಿಕೊಂಡರು. "ತೆಗೀತೀನ್ರಿ, ಅದಕ್ಕೇನು. ಸಿಸ್ಟರಮ್ಮನವ್ರಿಗೆ ನೀವು ಹೇಳ್ತೀರೋ, ನಾ ಬಂದು ಹೇಳ್ಲೋ?"

ಕಾರಿನಲ್ಲಿ ನಿದ್ದೆ ಹೋಗಿದ್ದ ಅವಳ ಮುಖ ನೆನಪಾಯಿತು. ನಾಳೆ ಬರುತ್ತೇನೆ ಎಂದು ಹೇಳಿ ಬಂದುಬಿಟ್ಟೆ. ಆ ನಾಳೆ ಬರಲೇ ಇಲ್ಲ. ವಾರದೊಳಗೆ ಹೆಂಡತಿಗೆ ನಾನೇ ಎಲ್ಲವನ್ನೂ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು, ತೊಗರಿಗೆ ನಮಸ್ಕಾರ ಮಾಡಿದ್ದನ್ನು ಎರಡು ಸಲ ಹೇಳಿಸಿಕೊಂಡಳು. ಮುಂದಿನ ಯುಗಾದಿಗೆ ಡಬ್ಬಿ ತುಂಬ ಹೋಳಿಗೆ ಉಸ್ತಾದರಿಗೆ ಹೋಯಿತು. ಹರಿದವು, ಸೀದವು ನನ್ನ ಪಾಲಿಗೆ.

ಮುಷ್ಕರ ಮುಗಿಯಿತು, ಬಸ್ಸುಗಳು ಬಂದವು. ಅವಳು ಬಸ್ಸಿಗೆ ಮರಳಲಿಲ್ಲ. ತೆಲಂಗಾಣ ರಾಜ್ಯವೂ ಬಂತು. ಆ ದಿನ ಗುಲಾಲು ಎರಚಿಸಿಕೊಂಡ ಮುಖದಲ್ಲೇ ಉಸ್ತಾದರು ಯಾರದೋ ಲಾರಿಯ ಕೆಳಗೆ ಮಲಗಿದ್ದರು.

ಅದಾಗಿ ಎರಡು ವರ್ಷಕ್ಕೆ, ಒಂದು ಬೆಳಗ್ಗೆ ಅವರ ಊರಿನಿಂದ ಫೋನು ಬಂತು. ಎದೆನೋವಂತೆ, ಆಸ್ಪತ್ರೆಗೆ ಒಯ್ಯುವುದರೊಳಗೆ ಹೋಗಿಬಿಟ್ಟಿದ್ದರು. ಹನ್ನೆರಡಕ್ಕೆ ಮಣ್ಣು. ನಾನೂ ಹೆಂಡತಿಯೂ ಹೊರಟಾಗ ಹೊತ್ತು ಮೀರಿತ್ತು. ನಾರಾಯಣಖೇಡ ದಾಟಿದ ಮೇಲೆ ಎಪ್ಪತ್ತಕ್ಕೆ ಕೂಗು ಶುರುವಾಯಿತು.

"ಒದರ್ಲಿ ಬಿಡ್ರಿ" ಎಂದಳು ಹೆಂಡತಿ, ಕಣ್ಣು ಒರೆಸಿಕೊಳ್ಳುತ್ತ. "ಇವತ್ತೊಂದಿನ ಜೋರು ಹೊಡೀರಿ. ಮಾರಿ ನೋಡಬೇಕ್ರಿ ನಾವು."

ನನಗೂ ಹೊಡೆಯಬೇಕೆಂದಿತ್ತು. ಪೆಡಲಿನ ಮೇಲೆ ಕಾಲಿಟ್ಟೆ. ಅದು ಕೂಗುತ್ತಲೇ ಇತ್ತು. ಕಾಲು ತಾನಾಗಿ ಮೇಲಕ್ಕೆ ಬಂತು. ಮತ್ತೆ ಒತ್ತಿದೆ, ಮತ್ತೆ ಬಂತು.

ನಾವು ತಲುಪಿದಾಗ ಮಂದಿ ಮಣ್ಣು ಮಾಡಿ ಮರಳುತ್ತಿದ್ದರು. ಮುಖ ಸಿಗಲಿಲ್ಲ. ಅಂಗಳದಲ್ಲಿ ಕುಳಿತಿದ್ದ ಅವರ ಹೆಂಡತಿ ನನ್ನನ್ನು ನೋಡಿ, "ಈಗ ಬಂದ್ರೇನ್ರಿ ಸಾಹೇಬ್ರ? ನಿಮ್ಮ ಸಲುವಾಗಿ ಭಾಳ ಹೊತ್ತು ಕಾದ್ವಿ. ಇಷ್ಟ್ಯಾಕ ತಡ ಮಾಡಿದ್ರಿ?" ಎಂದರು.

"ನಿಮ್ಮವರು ಜೋರು ಬರಾಕ ಬಿಡ್ಲಿಲ್ರಿ ಅವ್ವಾ" ಎಂದೆ.